ಅಡುಗೆಮನೆಯ ಗೋಡೆ ಬೆವರುತ್ತಿದೆಯಾ? ಎಕ್ಸಾಸ್ಟ್ ಫ್ಯಾನ್, ಚಿಮ್ನಿ, ಪೈಪು: ದುಡ್ಡು ಯಾವುದಕ್ಕೆ ಹಾಕಬೇಕು

ಎಕ್ಸಾಸ್ಟ್ ಫ್ಯಾನ್ ಸರಿಯಾಗಿ ಎಳೆಯುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗಿ ಅದಕ್ಕಿಂತ ದೊಡ್ಡದನ್ನು ಕೇಳುತ್ತಾರೆ. ಇಲ್ಲವೇ ಸೀದಾ ಚಿಮ್ನಿ ಹಾಕಿಸುತ್ತಾರೆ. ಇಪ್ಪತ್ತು ಸಾವಿರ ಖರ್ಚಾದ ಮೇಲೂ ಕಿಟಕಿ ಗಾಜಿನಿಂದ ನೀರು ಇಳಿಯುತ್ತಲೇ ಇರುತ್ತದೆ, ಅಟ್ಟದ ಮೂಲೆಯಲ್ಲಿ ಕಪ್ಪು ಬೂಸ್ಟು ಕಟ್ಟುತ್ತಲೇ ಇರುತ್ತದೆ. ಬಹಳ ಮನೆಗಳಲ್ಲಿ ತೊಂದರೆ ಇರುವುದು ಗಾಳಿಯ ದಾರಿಯಲ್ಲಿ. ಒಳಗೆ ಬರಲು ಗಾಳಿಗೆ ಜಾಗ ಇರುವುದಿಲ್ಲ, ಅಥವಾ ಹೊರಗೆ ಹೋಗಲು ಇರುವುದಿಲ್ಲ. ಅದನ್ನು ನೋಡದೆ ಏನು ಕೊಂಡರೂ ದುಡ್ಡು ದಂಡ.

ಇಲ್ಲಿ ನಾನು ಮುಖ್ಯವಾಗಿ ಬೆಂಗಳೂರು, ಮೈಸೂರಿನಂಥ ಊರುಗಳ ಫ್ಲ್ಯಾಟು ಮತ್ತು ಸೈಟ್ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಕರಾವಳಿ, ಮಲೆನಾಡಿನ ಮಳೆಗಾಲದ ಲೆಕ್ಕ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಇಷ್ಟೊಂದು ನೀರು ಬರುವುದು ಎಲ್ಲಿಂದ?

ಪಾತ್ರೆಯಿಂದ ಏಳುವ ಹಬೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದೇ ಇರುವುದು ಗ್ಯಾಸ್‌ನಿಂದ ಬರುವ ನೀರು. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕ ಸೇರಿಕೊಳ್ಳುವುದರಿಂದ ಗ್ಯಾಸ್‌ಗಿಂತ ನೀರಿನ ತೂಕವೇ ಜಾಸ್ತಿ. ಮನೆಗೆ ಬರುವ 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರ್‌ನಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಸಿಲಿಂಡರ್ 45 ದಿನ ಬಂದರೆ ದಿನಕ್ಕೆ ಅರ್ಧ ಲೀಟರ್ ಆಯಿತು. ಇದು ಬರೀ ಬೆಂಕಿಯ ಲೆಕ್ಕ. ಇಡ್ಲಿ ಹಬೆ, ಕುಕ್ಕರಿನ ಕೂಗು, ಕುದಿಯುವ ಸಾರು ಎಲ್ಲ ಇದರ ಮೇಲೆ.

ಬಿಸಿ ಗಾಳಿ ತುಂಬಾ ಆವಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಿನ ಗಾಳಿಗೆ ಅಷ್ಟು ಆಗುವುದಿಲ್ಲ. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ನೀರು ಹಿಡಿಯುತ್ತದೆ. 16 ಡಿಗ್ರಿಗೆ ಇಳಿದರೆ ಅದರ ಅರ್ಧ, ಹದಿಮೂರೂವರೆ ಗ್ರಾಂ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಬೆಂಗಳೂರಿನ ಕಿಟಕಿ ಗಾಜು ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಒಲೆಯ ಮೇಲಿನ ಬಿಸಿ ಗಾಳಿ ಹೋಗಿ ಅದಕ್ಕೆ ತಾಗಿದಾಗ ಹಿಡಿಯಲಾರದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಗಾಜಿನ ಮೇಲೆ ಆದರೆ ಒರೆಸಬಹುದು. ಮೇಲಿನ ಮಹಡಿಯ ಮನೆಯಲ್ಲಿ ರಾತ್ರಿ ತಣ್ಣಗಾದ ಆರ್‌ಸಿಸಿ ಚಾವಣಿಯ ಮೂಲೆಗೂ, ಹೊರಗೋಡೆಗೆ ಅಂಟಿಸಿ ಕೂರಿಸಿದ ಕಪಾಟಿನ ಹಿಂಬದಿಗೂ ಇದೇ ಆಗುತ್ತದೆ. ಅಲ್ಲಿ ಯಾರೂ ಒರೆಸುವುದಿಲ್ಲ. ಬೂಸ್ಟು ಮೊದಲು ಕಾಣಿಸಿಕೊಳ್ಳುವುದೂ ಅಲ್ಲೇ.

ಕೊಳ್ಳುವ ಮೊದಲು ಮಾಡಿ ನೋಡಬೇಕಾದ ಪರೀಕ್ಷೆಗಳು

ಮೊದಲು ಅದು ಬೆವರೋ, ಸೋರಿಕೆಯೋ ಅಂತ ಗೊತ್ತಾಗಬೇಕು. ಮೇಲಿನ ಮನೆಯ ಬಾತ್‌ರೂಮ್ ಪೈಪು ಒಸರುತ್ತಿದ್ದರೆ ನೀವು ಹತ್ತು ಫ್ಯಾನ್ ಹಾಕಿದರೂ ಗೋಡೆ ಒಣಗುವುದಿಲ್ಲ. ಪಸೆ ಇರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಮೇಲೆ, ಅಂದರೆ ನಿಮ್ಮ ಕಡೆ ನೀರು ಕಟ್ಟಿದ್ದರೆ ಅದು ಅಡುಗೆಮನೆಯ ಆವಿ. ಹಾಳೆಯ ಹಿಂದೆ, ಗೋಡೆಯ ಕಡೆ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ, ಆಗ ಕರೆಸಬೇಕಾದ್ದು ಪ್ಲಂಬರನ್ನು. ಕಂದು ಬಣ್ಣದ ಗೆರೆ ಬಿಟ್ಟುಕೊಂಡು ಹರಡುವ ಕಲೆ, ಉದುರುವ ಪುಟ್ಟಿ, ಗಾರೆಯಿಂದ ಹೊರಬರುವ ಬಿಳಿ ಉಪ್ಪು ಇವೆಲ್ಲ ಸಾಮಾನ್ಯವಾಗಿ ಸೋರಿಕೆಯ ಗುರುತು. ಬೆವರಿನಿಂದಾದ ಬೂಸ್ಟು ಚುಕ್ಕೆ ಚುಕ್ಕೆಯಾಗಿ ಮೂಲೆಯಲ್ಲಿ ಕೂರುತ್ತದೆ.

ಎರಡನೆಯದು ಫ್ಯಾನಿನ ಎಳೆತ. ಅಡುಗೆಮನೆಯ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಫ್ಯಾನ್ ಅಥವಾ ಚಿಮ್ನಿ ಹಾಕಿ. ಒಂದು ತೆಳು ಟಿಶ್ಯೂ ಕಾಗದವನ್ನು ಅದರ ಜಾಲರಿಗೆ ಹಿಡಿದು ಬಿಡಿ. ನಿಂತರೆ ಎಳೆತ ಇದೆ. ಬಿದ್ದರೆ ಈಗ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಮತ್ತೆ ನೋಡಿ. ಕಿಟಕಿ ತೆರೆದಾಗ ನಿಂತು, ಮುಚ್ಚಿದಾಗ ಬಿದ್ದರೆ ಫ್ಯಾನ್ ಚೆನ್ನಾಗಿಯೇ ಇದೆ, ಅದಕ್ಕೆ ಗಾಳಿ ಸಿಗುತ್ತಿಲ್ಲ ಅಷ್ಟೆ. ಎರಡೂ ಸಲ ಬಿದ್ದರೆ ತಪ್ಪು ಫ್ಯಾನಿನಲ್ಲೋ ಪೈಪಿನಲ್ಲೋ ಇದೆ. ಆಗ ಪೈಪಿನ ಹೊರಬಾಯಿಯ ಹತ್ತಿರ ಕೈ ಹಿಡಿದು ನೋಡಿ. ಒಳಗೆ ಮೋಟಾರ್ ಜೋರಾಗಿ ಸದ್ದು ಮಾಡುತ್ತಿದ್ದು, ಹೊರಗೆ ಕೈಗೆ ಗಾಳಿಯೇ ತಾಗದಿದ್ದರೆ ನಡುವೆ ಎಲ್ಲೋ ಕಟ್ಟಿದೆ ಅಥವಾ ಕಳಚಿದೆ.

ಈ ಎರಡು ಪರೀಕ್ಷೆಗೆ ಖರ್ಚೇ ಇಲ್ಲ. ಅಂಗಡಿಗೆ ಹೋಗುವ ಮೊದಲು ದಯವಿಟ್ಟು ಇವನ್ನು ಮಾಡಿ.

ಇರುವುದನ್ನೇ ಸರಿಮಾಡುವುದೋ, ಹೊಸದು ಕೊಳ್ಳುವುದೋ?

ನನ್ನ ಮಾತು ಕೇಳುವುದಾದರೆ ಮೊದಲು ಇರುವುದನ್ನು ಸರಿಮಾಡಿ. ಹಳೆಯ ಎಕ್ಸಾಸ್ಟ್ ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ ಬಹಳ ಸಲ ಕೆಪಾಸಿಟರ್ ಸೊರಗಿರುತ್ತದೆ. ಅದನ್ನು ಬದಲಾಯಿಸಲು ನೂರಿನ್ನೂರು ರೂಪಾಯಿ ಸಾಕು. ರೆಕ್ಕೆಗಳ ಮೇಲೆ ಜಿಡ್ಡು ದಪ್ಪಗೆ ಕೂತರೂ ಗಾಳಿ ಕಡಿಮೆಯಾಗುತ್ತದೆ. ಇನ್ನೊಂದು, ಹೊರಗಡೆಯ ಶಟರ್. ಫ್ಯಾನ್ ಹಾಕಿದಾಗ ತೆರೆದು, ನಿಲ್ಲಿಸಿದಾಗ ಮುಚ್ಚಬೇಕಾದ ಆ ತಗಡಿನ ಪಟ್ಟಿಗಳು ಎಣ್ಣೆ, ಧೂಳು ಸೇರಿ ಅಂಟಿಕೊಂಡಿರುತ್ತವೆ. ಫ್ಯಾನ್ ಪಾಪ ಮುಚ್ಚಿದ ಬಾಗಿಲನ್ನು ತಳ್ಳುತ್ತಾ ಇರುತ್ತದೆ. ಬಿಸಿನೀರು, ಸೋಪು, ಅಡುಗೆ ಸೋಡಾ ಹಾಕಿ ತೊಳೆದರೆ ಹೋಗುತ್ತದೆ. ತೊಳೆಯುವ ಮೊದಲು ಮೇನ್ ಆಫ್ ಮಾಡಿ, ಮೋಟಾರಿಗೆ ನೀರು ತಾಗಿಸಬೇಡಿ.

ಚಿಮ್ನಿ ಇರುವ ಮನೆಯಲ್ಲಿ ನೋಡಬೇಕಾದ್ದು ಪೈಪು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಅತಿ ಜಾಸ್ತಿ ಕೆಡುವುದು ಇದೇ.

ಚಿಮ್ನಿಯ ಪೈಪು ಸಾಮಾನ್ಯವಾಗಿ ಆರಿಂಚಿನದು. ಗೋಡೆಯಲ್ಲಿ ಹಳೆಯ ನಾಲ್ಕಿಂಚಿನ ತೂತು ಇದ್ದರೆ ಕೆಲವರು ಅದಕ್ಕೇ ಕಡಿಮೆ ಅಳತೆಯ ಜೋಡಣೆ ಹಾಕಿ ಮುಗಿಸಿಬಿಡುತ್ತಾರೆ. ಎರಡಿಂಚು ತಾನೇ ಅನ್ನಿಸುತ್ತದೆ. ಆದರೆ ಆರಿಂಚಿನ ಬಾಯಿ ನಾಲ್ಕಿಂಚಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ಅಷ್ಟೇ ಗಾಳಿಯನ್ನು ನಾಲ್ಕಿಂಚಿನ ಪೈಪಿನಲ್ಲಿ ತಳ್ಳಲು ಏಳು ಪಟ್ಟಿಗಿಂತ ಜಾಸ್ತಿ ಒತ್ತಡ ಬೇಕು. ಅಷ್ಟು ಶಕ್ತಿ ಯಾವ ಮನೆಯ ಚಿಮ್ನಿಗೂ ಇಲ್ಲ. ಸದ್ದು ಬರುತ್ತದೆ, ಹಬೆ ಒಳಗೇ ಉಳಿಯುತ್ತದೆ.

ಆಮೇಲೆ ತಿರುವುಗಳು. ಮಡಚಬಹುದಾದ ಅಲ್ಯೂಮಿನಿಯಂ ಪೈಪನ್ನು ಪೂರ್ತಿ ಎಳೆದು ಬಿಗಿಯಾಗಿ ಹಾಕಿದರೆ ಪರವಾಗಿಲ್ಲ. ಉದ್ದ ಉಳಿಯಿತು ಅಂತ ಸುರುಳಿ ಹಾಗೇ ಬಿಟ್ಟು ಸಜ್ಜಾದ ಮೇಲೆ ಜೋತಾಡಿಸಿದರೆ ಪ್ರತಿ ಮಡಿಕೆಯಲ್ಲೂ ಗಾಳಿ ತಡವರಿಸುತ್ತದೆ, ಜೋತುಬಿದ್ದ ಕಡೆ ಎಣ್ಣೆ ನೀರು ನಿಲ್ಲುತ್ತದೆ. ಗಟ್ಟಿ ನಯವಾದ ಪೈಪು ಇದಕ್ಕಿಂತ ಎಷ್ಟೋ ವಾಸಿ. ತಿರುವು ಎರಡಕ್ಕಿಂತ ಜಾಸ್ತಿ ಬೇಡ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಚಳಿಗಾಲದಲ್ಲಿ ಚಿಮ್ನಿಯಿಂದ ಒಲೆಯ ಮೇಲೆ ಕಂದು ಹನಿ ಬೀಳುತ್ತದೆ ಅನ್ನುವ ದೂರಿಗೆ ಕಾರಣ ಇದೇ: ತಣ್ಣಗಿನ ಪೈಪಿನೊಳಗೆ ಆವಿ ನೀರಾಗಿ, ಇಳಿಜಾರು ಒಳಮುಖವಾಗಿದ್ದರಿಂದ ವಾಪಸ್ ಬರುತ್ತದೆ. ಯಂತ್ರ ಕೆಟ್ಟಿರುವುದಿಲ್ಲ. ಪೈಪು ತೆರೆದ ಯುಟಿಲಿಟಿಯ ಮೂಲಕ ಉದ್ದಕ್ಕೆ ಹೋಗುತ್ತಿದ್ದರೆ ಅದಕ್ಕೆ ಇನ್ಸುಲೇಶನ್ ಸುತ್ತಿಸುವುದೂ ಒಳ್ಳೆಯದು.

ಹೊರಬಾಯಿಯನ್ನೂ ನೋಡಿ. ಬೆಂಗಳೂರಿನಲ್ಲಿ ಪಾರಿವಾಳ ಗೂಡು ಕಟ್ಟದಿರಲಿ ಅಂತ ಅಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಿಸುತ್ತಾರೆ. ಒಂದೇ ವರ್ಷದಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಆ ಬಲೆ ಕಂಬಳಿಯ ಹಾಗೆ ದಪ್ಪಗಾಗುತ್ತದೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ತಗ್ಗುತ್ತದೆ, ಗಾಳಿ ಮಾತ್ರ ಆಚೆ ಹೋಗದು. ದೊಡ್ಡ ಕಣ್ಣಿನ ಬಲೆ ಹಾಕಿ, ಇಲ್ಲವೇ ಬಲೆ ತೆಗೆದು ತಗಡಿನ ಮುಚ್ಚಳವಿರುವ ಬಾಯಿ ಹಾಕಿಸಿ.

ಫಾಲ್ಸ್ ಸೀಲಿಂಗ್ ಇರುವ ಮನೆಯಲ್ಲಿ ಇನ್ನೊಂದು ಅನುಮಾನ ಪಡಬೇಕು. ಒಳಗೆ ಪೈಪು ಕಳಚಿಕೊಂಡಿದ್ದರೆ ಹಬೆಯೆಲ್ಲ ಸೀಲಿಂಗಿನ ಮೇಲೇ ತುಂಬುತ್ತದೆ. ಕೆಳಗೆ ನಿಂತವರಿಗೆ ಚಿಮ್ನಿ ಚೆನ್ನಾಗಿ ಎಳೆಯುತ್ತಿದೆ ಅನ್ನಿಸುತ್ತದೆ. ಟಿಶ್ಯೂ ಕೂಡ ನಿಲ್ಲುತ್ತದೆ. ಆದರೆ ಜಿಪ್ಸಮ್ ಹಾಳೆ ಕ್ರಮೇಣ ಹಳದಿಯಾಗಿ ಜೋತುಬೀಳುತ್ತದೆ.

ಎಕ್ಸಾಸ್ಟ್ ಫ್ಯಾನೋ, ಚಿಮ್ನಿಯೋ?

ಇಬ್ಬರ ಕೆಲಸವೂ ಬೇರೆ. ಎಕ್ಸಾಸ್ಟ್ ಫ್ಯಾನ್ ಇಡೀ ಕೋಣೆಯ ಗಾಳಿ ಬದಲಿಸುತ್ತದೆ. ಚಿಮ್ನಿ ಒಲೆಯಿಂದ ಎದ್ದ ಹಬೆ, ಘಾಟನ್ನು ಹರಡುವ ಮೊದಲೇ ಹಿಡಿಯುತ್ತದೆ. ಹಿಡಿಯುವ ಜಾಗ ಹತ್ತಿರವಿದ್ದರೆ ಎಷ್ಟು ಉಳಿತಾಯ ಅನ್ನುವುದಕ್ಕೆ ಇಂಗ್ಲೆಂಡಿನ ಕಟ್ಟಡ ನಿಯಮ ಒಂದು ಒಳ್ಳೆಯ ಅಳತೆ ಕೊಡುತ್ತದೆ. ಅಲ್ಲಿ ಬೆವರು, ಬೂಸ್ಟಿನ ಕಾಟ ನಮಗಿಂತ ಜಾಸ್ತಿ. ಹಾಗಾಗಿ ಈ ನಿಯಮವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಒಲೆಯ ಮೇಲಿನ ಹುಡ್ ಆದರೆ ಸೆಕೆಂಡಿಗೆ 30 ಲೀಟರ್ ಗಾಳಿ ಎಳೆದರೆ ಸಾಕು. ಅಡುಗೆಮನೆಯ ಬೇರೆ ಕಡೆ ಇರುವ ಫ್ಯಾನ್ ಆದರೆ 60 ಲೀಟರ್ ಎಳೆಯಬೇಕು. ಸರಿಯಾಗಿ ಎರಡು ಪಟ್ಟು. ನಮ್ಮ ಒಗ್ಗರಣೆ, ಹುರಿಯುವುದು, ಕರಿಯುವುದಕ್ಕೆ ಆ ಸಂಖ್ಯೆಗಳು ಸಾಲುವುದಿಲ್ಲ, ಆದರೆ ಎರಡರ ನಡುವಿನ ಅಂತರ ಇಲ್ಲಿಗೂ ಸಲ್ಲುತ್ತದೆ.

ನಮ್ಮ ಲೆಕ್ಕ ಹೀಗೆ ಮಾಡಬಹುದು. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆ ಅಂದರೆ ಸುಮಾರು 22.6 ಘನ ಮೀಟರ್. ಅಡುಗೆ ನಡೆಯುವಾಗ ಗಂಟೆಗೆ 15ರಿಂದ 20 ಸಲ ಗಾಳಿ ಬದಲಾಗಲಿ ಅಂತ ಇಟ್ಟುಕೊಂಡರೆ ಗಂಟೆಗೆ 340ರಿಂದ 450 ಘನ ಮೀಟರ್ ಎಳೆಯಬೇಕು. ಫ್ಯಾನಿನ ಡಬ್ಬದ ಮೇಲೆ ಈ ಸಂಖ್ಯೆ ಬರೆದಿರುತ್ತದೆ. ಅದು ಸಿಎಫ್‌ಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಅಂತ ಇದ್ದರೆ, 1.7ರಿಂದ ಗುಣಿಸಿ. ಆರಿಂಚಿನ ಫ್ಯಾನ್ ಸಾಮಾನ್ಯವಾಗಿ ಇಷ್ಟಕ್ಕೆ ಸಾಲದು, ಅದು ಬಾತ್‌ರೂಮಿಗೆ ಸರಿ. ಅಡುಗೆಮನೆಗೆ ಎಂಟಿಂಚು ಕನಿಷ್ಠ. ಜಾಗ ಇದ್ದರೆ ಹತ್ತು ಇಲ್ಲವೇ ಹನ್ನೆರಡಿಂಚು ಹಾಕಿ ನಿಧಾನ ವೇಗದಲ್ಲಿ ಓಡಿಸಿ, ಸದ್ದೂ ಕಡಿಮೆ.

ಎಕ್ಸಾಸ್ಟ್ ಫ್ಯಾನ್ ಯಾರಿಗೆ ಸಾಕು? ಹೊರಗೋಡೆ ಇರುವ ಅಡುಗೆಮನೆ, ದಿನಾ ಅನ್ನ, ಸಾರು, ಪಲ್ಯದ ಅಡುಗೆ, ಕರಿಯುವುದು ಅಪರೂಪ. ಇಂಥ ಮನೆಗೆ ಸಾವಿರದೈನೂರರಿಂದ ಮೂರು ಸಾವಿರದ ಒಂದು ಒಳ್ಳೆಯ ಫ್ಯಾನ್ ಧಾರಾಳ ಸಾಕು. ಬೆವರಿನ ವಿಷಯಕ್ಕೆ ಬಂದರೆ ಅದು ಚಿಮ್ನಿಗಿಂತ ಹಿಂದೆ ಬೀಳುವುದಿಲ್ಲ. ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಮುಖ್ಯ. ಒಲೆಗೆ ಹತ್ತಿರ, ಚಾವಣಿಗೆ ಹತ್ತಿರ ಇರಲಿ, ಗಾಳಿ ಒಳಗೆ ಬರುವ ಬಾಗಿಲು ಅಥವಾ ಕಿಟಕಿ ಅದರ ಎದುರು ದಿಕ್ಕಿಗಿರಲಿ. ತೆರೆದ ಕಿಟಕಿಯ ಪಕ್ಕದಲ್ಲೇ ಫ್ಯಾನ್ ಇದ್ದರೆ ಅದು ಆ ಕಿಟಕಿಯಿಂದ ಬಂದ ಗಾಳಿಯನ್ನೇ ಮತ್ತೆ ಹೊರಗೆ ಹಾಕುತ್ತಾ ಕೂರುತ್ತದೆ. ಒಲೆಯ ಹಬೆ ಇದ್ದಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಈ ರೆಕ್ಕೆಯ ಫ್ಯಾನನ್ನು ಉದ್ದದ ಪೈಪಿಗೆ ಜೋಡಿಸಬೇಡಿ. ಅದು ಗೋಡೆಯ ತೂತಿನಿಂದ ಸೀದಾ ಹೊರಗೆ ತಳ್ಳುವುದಕ್ಕೆ ಮಾಡಿದ್ದು. ಪೈಪಿನ ತಡೆ ಬಂದರೆ ಸೋತುಬಿಡುತ್ತದೆ. ಚಿಮ್ನಿಯೊಳಗೆ ಇರುವುದು ಬ್ಲೋವರ್, ಅದಕ್ಕೆ ಒತ್ತಡ ತಡೆದು ತಳ್ಳುವ ತಾಕತ್ತಿದೆ.

ಚಿಮ್ನಿ ಬೇಕಾಗುವುದು ಯಾರಿಗೆ ಅಂದರೆ, ಹಾಲ್ ಮತ್ತು ಅಡುಗೆಮನೆ ನಡುವೆ ಗೋಡೆಯೇ ಇಲ್ಲದ ಫ್ಲ್ಯಾಟಿನವರಿಗೆ, ಮೀನು, ಮಾಂಸ ದಿನಾ ಮಾಡುವವರಿಗೆ, ಎಣ್ಣೆ ಅಡುಗೆ ಜಾಸ್ತಿ ಇರುವವರಿಗೆ, ಮೆಣಸಿನ ಘಾಟಿಗೆ ಕೆಮ್ಮುವ ಹಿರಿಯರು, ಮಕ್ಕಳು ಇರುವ ಮನೆಗೆ. ಎರಡು ಉರಿಯ ಒಲೆಗೆ 60 ಸೆಂಟಿಮೀಟರ್ ಅಗಲ ಸಾಕು, ಮೂರು ನಾಲ್ಕು ಉರಿಯದಕ್ಕೆ 75 ಅಥವಾ 90 ನೋಡಿ. ಒಲೆಯಿಂದ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿರಲಿ. ತಲೆಗೆ ತಾಗುತ್ತದೆ ಅಂತ ಇನ್ನೂ ಮೇಲೆ ಏರಿಸಿದರೆ ಹಬೆ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಅಂಗಡಿಯಲ್ಲಿ ಮೊದಲು ತೋರಿಸುವುದು 1200, 1500 ಅನ್ನುವ ಸಂಖ್ಯೆಯನ್ನು. ಗಂಟೆಗೆ ಅಷ್ಟು ಘನ ಮೀಟರ್ ಎಳೆಯುತ್ತದೆ ಅಂತ. ಆ ಸಂಖ್ಯೆ ಸಾಮಾನ್ಯವಾಗಿ ತಡೆಯಿಲ್ಲದೆ ಅಳೆದ ಗರಿಷ್ಠ. 1200 ಘನ ಮೀಟರ್ ಗಾಳಿ ಆರಿಂಚಿನ ಪೈಪಿನಲ್ಲಿ ಹೋಗಬೇಕಾದರೆ ಗಂಟೆಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಎರಡು ತಿರುವು ದಾಟಿ ಅಷ್ಟು ವೇಗ ನಿಮ್ಮ ಮನೆಯಲ್ಲಿ ಬರುವುದಿಲ್ಲ, ಬಂದರೂ ಆ ಸದ್ದಿಗೆ ನೀವೇ ಆಫ್ ಮಾಡುತ್ತೀರಿ. 800 ಬರೆದಿರುವ ಚಿಮ್ನಿಗೆ ನೇರವಾದ ಪೈಪು ಹಾಕಿದರೆ, ಸುತ್ತಿ ಬಳಸಿ ಹೋಗುವ ಪೈಪಿನ 1500ರದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಸಂಖ್ಯೆಗೆ ಕೊಡುವ ಜಾಸ್ತಿ ದುಡ್ಡನ್ನು ಪೈಪಿಗೆ, ಗೋಡೆಗೆ ಸರಿಯಾದ ತೂತು ಕೊರೆಸುವುದಕ್ಕೆ ಹಾಕಿ.

ಫಿಲ್ಟರಿನಲ್ಲಿ, ನಮ್ಮ ಅಡುಗೆಗೆ ಸ್ಟೀಲಿನ ಬ್ಯಾಫಲ್, ಅಂದರೆ ಬಾಗಿದ ಪಟ್ಟಿಗಳಿರುವ ಫಿಲ್ಟರ್ ಒಳ್ಳೆಯದು. ಸಣ್ಣ ಕಣ್ಣಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಇಲ್ಲದ ಚಿಮ್ನಿಗೆ ದಿನನಿತ್ಯದ ಕಾಟ ಕಡಿಮೆ, ಎಣ್ಣೆಯ ಬಟ್ಟಲು ಖಾಲಿ ಮಾಡಿದರೆ ಆಯಿತು. ಆಟೋ ಕ್ಲೀನ್ ಅನ್ನುವುದು ಒಳಗಿನ ಬ್ಲೋವರಿನ ಜಿಡ್ಡನ್ನು ಬಿಸಿ ಮಾಡಿ ಇಳಿಸುತ್ತದೆ, ಪೈಪನ್ನು ಅದು ಮುಟ್ಟುವುದಿಲ್ಲ. ಕೈ ಬೀಸಿದರೆ ಹತ್ತಿಕೊಳ್ಳುವುದು ಇತ್ಯಾದಿ ನಿಮ್ಮ ಇಷ್ಟ.

ಪೈಪಿಲ್ಲದ ಚಿಮ್ನಿ

ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಮಾದರಿಗಳಿವೆ. ಗೋಡೆ ಕೊರೆಯುವ ಕೆಲಸವಿಲ್ಲ, ಬಾಡಿಗೆ ಮನೆಗೆ ಅನುಕೂಲ ಅಂತ ಮಾರುತ್ತಾರೆ. ವಾಸನೆ ಸ್ವಲ್ಪ ಹೋಗುತ್ತದೆ, ಎಣ್ಣೆ ಸ್ವಲ್ಪ ಹಿಡಿಯುತ್ತದೆ. ನೀರಿನ ಆವಿಯನ್ನು ಮಾತ್ರ ಒಂದು ಹನಿಯಷ್ಟೂ ಹೊರಗೆ ಹಾಕುವುದಿಲ್ಲ. ನಿಮ್ಮ ತೊಂದರೆ ಬೆವರು, ಬೂಸ್ಟು ಆಗಿದ್ದರೆ ಇದನ್ನು ಕೊಳ್ಳಲೇಬೇಡಿ. ಕೆಲವು ತಿಂಗಳಿಗೊಮ್ಮೆ ಇದ್ದಿಲಿನ ಫಿಲ್ಟರ್ ಬದಲಿಸುವ ಖರ್ಚು ಬೇರೆ.

ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಕಿಟಕಿಯ ಮೇಲಿನ ಒಂದು ಗಾಜು ತೆಗೆಸಿ, ಆ ಜಾಗಕ್ಕೆ ಪ್ಲೈವುಡ್ ಅಥವಾ ಅಕ್ರಿಲಿಕ್ ಹಲಗೆ ಕೂರಿಸಿ, ಅದರಲ್ಲಿ ಎಂಟಿಂಚಿನ ಫ್ಯಾನ್ ಹಾಕಿಸಿ. ತೆಗೆದ ಗಾಜನ್ನು ಬಟ್ಟೆ ಸುತ್ತಿ ಅಟ್ಟದಲ್ಲಿಡಿ. ಮನೆ ಬಿಡುವಾಗ ಮತ್ತೆ ಹಾಕಿಕೊಟ್ಟರೆ ಓನರ್‌ಗೂ ತಕರಾರು ಇರುವುದಿಲ್ಲ.

ಹೊರಗೋಡೆಯೇ ಇಲ್ಲದಿದ್ದರೆ

ಅಪಾರ್ಟ್‌ಮೆಂಟುಗಳಲ್ಲಿ ಇದೇ ದೊಡ್ಡ ತಲೆನೋವು. ಅಡುಗೆಮನೆಯ ಒಂದು ಕಡೆ ಎಲ್ಲ ಮಹಡಿಗೂ ಸೇರಿದ ಶಾಫ್ಟ್ ಅನ್ನುವ ಮೇಲಿನಿಂದ ಕೆಳಗಿನವರೆಗಿನ ಕಿಂಡಿ, ಇನ್ನೊಂದು ಕಡೆ ಯುಟಿಲಿಟಿ. ಶಾಫ್ಟಿಗೆ ಬಿಟ್ಟರೆ ಕೆಳಗಿನ ಮನೆಯ ಮೀನಿನ ವಾಸನೆ ನಿಮ್ಮ ಮನೆಗೆ, ನಿಮ್ಮ ಒಗ್ಗರಣೆ ಮೇಲಿನವರಿಗೆ. ಇದಕ್ಕೆ ಗಾಳಿ ಒಂದೇ ಕಡೆ ಹೋಗುವಂತೆ ಬಿಡುವ ಫ್ಲ್ಯಾಪ್ ಪೈಪಿನಲ್ಲಿ ಇರಲೇಬೇಕು. ಮುನ್ನೂರು ನಾನೂರು ರೂಪಾಯಿಯ ವಸ್ತು, ಇಲ್ಲದಿದ್ದರೆ ಮಾತ್ರ ನೆರೆಹೊರೆಯ ಜಗಳಕ್ಕೆ ದಾರಿ.

ಮುಚ್ಚಿದ ಯುಟಿಲಿಟಿಗೆ ಪೈಪು ಬಿಡುವುದು ಪ್ರಯೋಜನವಿಲ್ಲದ ಕೆಲಸ. ಹಬೆ ಅಲ್ಲಿ ತುಂಬಿ ಒಣಹಾಕಿದ ಬಟ್ಟೆಗೆ ಹತ್ತಿ, ಬಾಗಿಲಿಂದ ವಾಪಸ್ ಬರುತ್ತದೆ. ಯುಟಿಲಿಟಿ ದಾಟಿ ಹೊರಗಿನ ಗ್ರಿಲ್‌ವರೆಗೂ ಪೈಪು ತೆಗೆದುಕೊಂಡು ಹೋಗಿ. ದೂರ ಜಾಸ್ತಿಯಾದರೆ ಪೈಪಿನ ನಡುವೆಯೇ ಕೂರುವ ಇನ್‌ಲೈನ್ ಫ್ಯಾನ್ ಸಿಗುತ್ತದೆ. ಹುಡ್ ಮಾತ್ರ ಒಲೆಯ ಮೇಲೆ, ಮೋಟಾರ್ ಯುಟಿಲಿಟಿಯಲ್ಲಿ ಇರುವುದರಿಂದ ಸದ್ದೂ ದೂರ. ಗಾಳಿ ಮೋಟಾರ್ ತಲುಪುವ ಮೊದಲೇ ಎಣ್ಣೆ ಹಿಡಿಯುವ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಮೋಟಾರ್ ಬೇಗ ಹಾಳಾಗುತ್ತದೆ.

ಆರಿಂಚಿನ ತೂತನ್ನು ಕೋರ್ ಕಟಿಂಗ್, ಅಂದರೆ ಯಂತ್ರದಿಂದ ದುಂಡಗೆ ಕೊರೆಯುವ ಕೆಲಸ ಮಾಡುವವರಿಂದಲೇ ಕೊರೆಸಿ. ಉಳಿ ಸುತ್ತಿಗೆಯಲ್ಲಿ ಒಡೆದರೆ ಸುತ್ತಲ ಗಾರೆ ಬಿರಿಯುತ್ತದೆ, ಮಳೆ ನೀರು ಒಳಗಿಳಿಯುತ್ತದೆ. ಬೀಮ್, ಪಿಲ್ಲರ್ ಮುಟ್ಟಬಾರದು. ಕೆಲವು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಗಳೇ ಕಾಂಕ್ರೀಟಿನವು, ಅಲ್ಲಿ ಅಸೋಸಿಯೇಷನ್ ಒಪ್ಪಿಗೆ ಇಲ್ಲದೆ ಒಂದು ತೂತೂ ಕೊರೆಯಬೇಡಿ.

ಗಾಳಿ ಒಳಗೆ ಬರುವ ದಾರಿ

ಇದು ಯಾರೂ ದುಡ್ಡು ತೆಗೆದುಕೊಳ್ಳದ ವಿಷಯ, ಹಾಗಾಗಿ ಯಾರೂ ಹೇಳುವುದಿಲ್ಲ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಆರಿಂಚಿನ ಪೈಪಿನ ಬಾಯಿ ಸುಮಾರು 180 ಚದರ ಸೆಂಟಿಮೀಟರ್. ಮುಚ್ಚಿದ ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದು ಇದ್ದರೆ ಅದು ಬರೀ 80. ಎಸಿ ಹಾಲ್, ಬಿಗಿಯಾದ ಯುಪಿವಿಸಿ ಕಿಟಕಿಗಳಿರುವ ಮನೆಯಲ್ಲಿ ಫ್ಯಾನ್ ಉಸಿರುಗಟ್ಟುತ್ತದೆ. ಕಿಟಕಿಯನ್ನು ನಾಲ್ಕು ಬೆರಳು ತೆರೆದರೆ ಐನೂರು ಆರುನೂರು ಚದರ ಸೆಂಟಿಮೀಟರ್ ಸಿಗುತ್ತದೆ. ಸಾಕು.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. ಮನೆಯೊಳಗೆ ಅಥವಾ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ, ಎಲ್ಲ ಮುಚ್ಚಿ ಜೋರಾದ ಚಿಮ್ನಿ ಹಾಕಿದಾಗ ಗೀಸರಿನ ಸುಟ್ಟ ಗಾಳಿ ಹೊರಗೆ ಹೋಗುವ ಬದಲು ಒಳಗೆ ಎಳೆದುಕೊಳ್ಳಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆ ಇರುವುದಿಲ್ಲ, ಪ್ರಾಣ ಹೋಗುತ್ತದೆ. ಎರಡೂ ಇರುವ ಮನೆಯಲ್ಲಿ ಕಿಟಕಿ ತೆರೆದಿರಲೇಬೇಕು. ಹಾಗೇ, ಗ್ಯಾಸ್ ಸೋರಿದ ವಾಸನೆ ಬಂದರೆ ಹೊರಹಾಕೋಣ ಅಂತ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತಬೇಡಿ. ಸ್ವಿಚ್ಚಿನ ಕಿಡಿ ಸಾಕು ಹತ್ತಿಕೊಳ್ಳಲು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕರಾವಳಿ, ಮಲೆನಾಡಿನ ಮಳೆಗಾಲ

ಹೆಂಚಿನ ಮನೆಗಳಲ್ಲಿ ಈ ತೊಂದರೆ ಇರಲಿಲ್ಲ. ಹೆಂಚುಗಳ ಸಂದಿನಿಂದ ಹೊಗೆ, ಹಬೆ ಎರಡೂ ಹೋಗುತ್ತಿದ್ದವು, ಸೌದೆ ಒಲೆಯ ಕಾವಿಗೆ ಅಟ್ಟ ಸದಾ ಒಣಗಿರುತ್ತಿತ್ತು. ಆ ಹೊಗೆಯಿಂದ ಹೆಂಗಸರು ಪಟ್ಟ ಪಾಡು ಸಣ್ಣದಲ್ಲ, ಅದು ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಈಗ ಅದೇ ಜಾಗದಲ್ಲಿ ಆರ್‌ಸಿಸಿ, ಮುಚ್ಚಿದ ಕಪಾಟು, ಗ್ಯಾಸ್ ಬಂದಿದೆ, ಹಬೆ ಹೋಗುವ ದಾರಿಯನ್ನು ಮಾತ್ರ ಬಿಟ್ಟಿಲ್ಲ. ಕುಚ್ಚಲಕ್ಕಿ ಮುಕ್ಕಾಲು ಗಂಟೆ ಕುದಿಯುವ ಮನೆಯಲ್ಲಿ ಅದು ದೊಡ್ಡ ಲೋಪ.

ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ, ಫ್ಯಾನ್ ಹಾಕಿ ಏನು ಪ್ರಯೋಜನ ಅಂತ ಕೇಳುತ್ತಾರೆ. ಅಡುಗೆ ನಡೆಯುವಾಗ ಖಂಡಿತ ಪ್ರಯೋಜನ ಇದೆ. ಹೊರಗೆ 22 ಡಿಗ್ರಿಯ ಮಳೆಗಾಳಿಯಲ್ಲಿ ಘನ ಮೀಟರಿಗೆ 18, 19 ಗ್ರಾಂ ನೀರಿದ್ದರೆ, ಒಲೆಯ ಮೇಲಿನ ಬಿಸಿ ಗಾಳಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅದನ್ನು ಹೊರಗೆ ಹಾಕಲೇಬೇಕು. ಅಡುಗೆ ಮುಗಿದು ಹತ್ತು ಹದಿನೈದು ನಿಮಿಷದ ಮೇಲೆ ಮಾತ್ರ ಫ್ಯಾನಿನಿಂದ ಗೋಡೆ ಒಣಗದು. ಆಗ ನಿಲ್ಲಿಸಿ.

ಮತ್ತೂ ಬೂಸ್ಟು ಬರುತ್ತಿದ್ದರೆ ಡಿಹ್ಯೂಮಿಡಿಫೈಯರ್ ಯೋಚಿಸಬಹುದು. ಗಾಳಿಯ ನೀರನ್ನು ಹಿಂಡಿ ಡಬ್ಬಕ್ಕೆ ತುಂಬುವ ಯಂತ್ರ ಅದು. 300 ವ್ಯಾಟಿನದನ್ನು ದಿನಕ್ಕೆ 8 ಗಂಟೆ ಓಡಿಸಿದರೆ ತಿಂಗಳಿಗೆ 72 ಯೂನಿಟ್. ದಿನಕ್ಕೆ ಒಂದು ಗಂಟೆ ಓಡುವ 40 ವ್ಯಾಟಿನ ಎಕ್ಸಾಸ್ಟ್ ಫ್ಯಾನಿಗೆ ತಿಂಗಳಿಗೆ 1.2 ಯೂನಿಟ್, 200 ವ್ಯಾಟಿನ ಚಿಮ್ನಿಗೆ 6 ಯೂನಿಟ್. ಹಾಗಾಗಿ ಫ್ಯಾನಿನ ಬದಲಿಗೆ ಡಿಹ್ಯೂಮಿಡಿಫೈಯರ್ ಅನ್ನುವುದು ಸರಿಯಲ್ಲ, ಫ್ಯಾನ್ ಇದ್ದ ಮೇಲೆ ಅದು. ಎಣ್ಣೆ ಹಬೆಯ ಹತ್ತಿರ ಇಡಬೇಡಿ, ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡರೆ ಬಟ್ಟೆ, ಪುಸ್ತಕವೂ ಉಳಿಯುತ್ತವೆ.

ಪಡುವಣ ಗೋಡೆಗೆ ಫ್ಯಾನ್ ಹಾಕಿಸಿದರೆ ಮಳೆಗಾಳಿ ಅದನ್ನು ಉಲ್ಟಾ ತಳ್ಳುತ್ತದೆ, ನೀರೂ ಎರಚುತ್ತದೆ. ಸಾಧ್ಯವಾದರೆ ಬಡಗು ಅಥವಾ ಮೂಡಣ ಗೋಡೆ ಆರಿಸಿ, ಇಲ್ಲವೇ ಕೆಳಮುಖವಾಗಿ ಬಾಯಿ ಇರುವ ತಗಡಿನ ಮುಚ್ಚಳ ಹಾಕಿಸಿ.

ಇಂಡಕ್ಷನ್, ಪೇಂಟ್ ಇತ್ಯಾದಿ

ಇಂಡಕ್ಷನ್ ಒಲೆಗೆ ಬದಲಾದರೆ ಗ್ಯಾಸಿನ ಆ ಅರ್ಧ ಲೀಟರ್ ನೀರು ಇರುವುದೇ ಇಲ್ಲ. ಪಾತ್ರೆಯ ಹಬೆ ಇದ್ದೇ ಇರುತ್ತದೆ, ಫ್ಯಾನ್ ಬೇಕೇ ಬೇಕು. ಆದರೂ ನೀರು ಕಾಯಿಸುವುದು, ಬೇಳೆ ಬೇಯಿಸುವುದು ಅದರಲ್ಲಿ, ರೊಟ್ಟಿ ಸುಡುವುದು ಗ್ಯಾಸಿನಲ್ಲಿ ಅಂತ ಹಂಚಿಕೊಂಡರೂ ವ್ಯತ್ಯಾಸ ಕಾಣುತ್ತದೆ. ಪಾತ್ರೆಗೆ ಮುಚ್ಚಳ ಹಾಕುವುದಕ್ಕೆ ಖರ್ಚೇ ಇಲ್ಲ.

ಬೂಸ್ಟು ತಡೆಯುವ ಪೇಂಟ್ ಕೊನೆಯ ಕೆಲಸ. ಹಬೆಯ ದಾರಿ ಸರಿಮಾಡಿ, ಗೋಡೆ ಪೂರ್ತಿ ಒಣಗಿ, ಹಳೆಯ ಬೂಸ್ಟನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ ಮೇಲೆ ಹೊಡೆಸಿ. ಮೊದಲೇ ಹೊಡೆಸಿದರೆ ಮುಂದಿನ ಚಳಿಗಾಲಕ್ಕೆ ಬಣ್ಣದ ಮೇಲೆಯೇ ಬರುತ್ತದೆ. ಹೊರಗೋಡೆಗೆ ಅಂಟಿಸಿದ ಕಪಾಟನ್ನು ಎರಡು ಬೆರಳು ಮುಂದಕ್ಕೆ ಸರಿಸಿ ಕೂರಿಸಿದರೆ ಹಿಂದೆ ಗಾಳಿ ಆಡುತ್ತದೆ.

ಫಿಟ್ ಮಾಡಲು ಬಂದ ದಿನ

ಚಿಮ್ನಿ ಹಾಕಲು ಬಂದವರು ಅವಸರದಲ್ಲಿರುತ್ತಾರೆ. ಆದರೂ ಪಕ್ಕದಲ್ಲಿ ನಿಂತು ನೋಡಿ. ಪೈಪು ಆರಿಂಚಿನದೇನಾ, ಎಲ್ಲಾದರೂ ಕಿರಿದಾಯಿತಾ, ಜೋಡಣೆಗೆ ಅಲ್ಯೂಮಿನಿಯಂ ಟೇಪ್ ಮತ್ತು ಕ್ಲಾಂಪ್ ಎರಡೂ ಹಾಕಿದರಾ, ಇಳಿಜಾರು ಹೊರಗಡೆಗಿದೆಯಾ? ಬಾಯಲ್ಲಿನ ಫ್ಲ್ಯಾಪಿಗೆ ಕಂಪನಿಯಿಂದ ಅಂಟಿಸಿ ಬಂದ ಪ್ಯಾಕಿಂಗ್ ಟೇಪ್ ಹಾಗೇ ಉಳಿದಿರುವುದುಂಟು, ತೆಗೆಸಿ. ಗೋಡೆಯ ತೂತಿನ ಸುತ್ತ ಸಿಮೆಂಟ್ ಅಥವಾ ಸೀಲೆಂಟ್ ತುಂಬಿಸಿ, ಇಲ್ಲದಿದ್ದರೆ ಜಿರಳೆ, ಮಳೆ ನೀರು ಎರಡೂ ಬರುತ್ತವೆ. ಫಾಲ್ಸ್ ಸೀಲಿಂಗ್ ಇದ್ದರೆ ಪೈಪಿನ ಜೋಡಣೆ ಇರುವ ಕಡೆ ತೆರೆದು ನೋಡುವಂಥ ಒಂದು ಅಡಿಯ ಮುಚ್ಚಳ ಇಡಿಸಿ. ಅದನ್ನು ಬಿಟ್ಟರೆ, ಮುಂದೊಂದು ದಿನ ಪೈಪು ಕಳಚಿದಾಗ ಇಡೀ ಸೀಲಿಂಗ್ ಒಡೆಸಬೇಕಾಗುತ್ತದೆ.